ಗದ್ದ ಜಾರುವ ಹೊತ್ತು

ಜಿಲ್ಲೆಯ ಹನ್ನೊಂದು ಸಾವಿರ ಮಕ್ಕಳ ಗದ್ದ ಈ ಕ್ಷಣ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಡಾಕ್ಟರ್ ಶೈಲಜಾ ಬಣಕಾರ ಕುರ್ಚಿಯಿಂದ ಏಳದೆ ಹೇಳಿಬಿಡುತ್ತಿದ್ದಳು. ಎದುರಿಗಿದ್ದ ಗೋಡೆ ಇದ್ದದ್ದೇ ಅದಕ್ಕೆ. ಒಂದು ಮಗುವಿಗೆ ಒಂದು ಚುಕ್ಕೆ. ಕೆಳದವಡೆ ಇರಬೇಕಾದ ಜಾಗದಲ್ಲಿದ್ದರೆ ಹಸಿರು, ಕೂದಲೆಳೆಯಷ್ಟು ಸರಿದರೆ ಹಳದಿ, ಹಿಂದಕ್ಕೆ ಜಾರಿದರೆ ಕೆಂಪು. ಎಂಟು ವರ್ಷದಿಂದ ಅವಳು ದಿನಾ ಆ ಗೋಡೆ ನೋಡುತ್ತಿದ್ದಳು. ಈಚೆಗಂತೂ ಅದು ಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲಿನ ಭತ್ತದ ಬಯಲಿನ ಹಾಗೆ ಹಸಿರಾಗಿತ್ತು. ನೋಡಿ ಖುಷಿಪಡಬೇಕಿತ್ತು. ಅವಳಿಗೆ ಆಕಳಿಕೆ ಬರುತ್ತಿತ್ತು.

ದಾವಣಗೆರೆಯ ಈ ದವಡೆ ಕೇಂದ್ರ ಹುಟ್ಟಿದ್ದು ಅವಳದೇ ಒಂದು ಯೋಚನೆಯಿಂದ. ಕೆಲವು ಮಕ್ಕಳಿಗೆ ಮೇಲ್ದವಡೆ ಬೆಳೆದಷ್ಟು ಕೆಳದವಡೆ ಬೆಳೆಯುವುದಿಲ್ಲ. ಗದ್ದ ಒಳಗೆ ಉಳಿಯುತ್ತದೆ, ಮೇಲಿನ ಹಲ್ಲು ಮುಂದೆ ಕಾಣುತ್ತದೆ, ಶಾಲೆಯಲ್ಲಿ ಅಡ್ಡಹೆಸರು ಬೀಳುತ್ತದೆ. ಹನ್ನೊಂದರಿಂದ ಹದಿನಾಲ್ಕರ ನಡುವೆ, ಮೈ ಸರ್ರನೆ ಎತ್ತರಕ್ಕೆ ಹೋಗುವ ಕಾಲದಲ್ಲಿ, ಕೆಳದವಡೆಯನ್ನು ಮುಂದೆ ಎಳೆದು ಹಿಡಿದರೆ ಕಿವಿಯ ಮುಂದಿನ ಕೀಲಿನಲ್ಲಿ ಹೊಸ ಎಲುಬು ತುಂಬಿಕೊಳ್ಳುತ್ತದೆ ಎಂದು ಹಲ್ಲಿನ ಡಾಕ್ಟರುಗಳು ಬಹಳ ಹಿಂದಿನಿಂದ ನಂಬಿದ್ದರು. ಹಾಗೆ ಹಿಡಿಯಲಿಕ್ಕೆ ಬಾಯಿಯ ಎರಡೂ ಕಡೆ ಒಂದೊಂದು ಸಣ್ಣ ಕೊಳವೆ, ಅದರೊಳಗೆ ಜಾರುವ ಸರಳು. ಹಲ್ಲಿಗೆ ಅಂಟಿಸಿಬಿಟ್ಟರೆ ಮಗು ಅದನ್ನು ಬಿಚ್ಚಿ ದಿಂಬಿನ ಕೆಳಗೆ ಬಚ್ಚಿಡುವ ಹಾಗಿಲ್ಲ. ನೋಡಲು ಸೈಕಲ್ ಪಂಪಿನ ಹಾಗಿದ್ದುದರಿಂದ ಮಕ್ಕಳು ಪಂಪು ಎಂದರು. ಕೊನೆಗೆ ಡಾಕ್ಟರುಗಳೂ ಪಂಪು ಎಂದರು.

ಹಳೆಯ ಪಂಪು ಒಂದು ವರ್ಷ ಬಾಯಲ್ಲಿರುತ್ತಿತ್ತು. ಅದಕ್ಕೊಂದು ಪುಟ್ಟ ಮೋಟಾರು ಕೂರಿಸಿ, ಇಲ್ಲಿಂದಲೇ ಅಪ್ಪಣೆ ಕೊಡುತ್ತಾ, ದಿನಾ ಒಂದಿಷ್ಟೇ ಇಷ್ಟು ಮುಂದೆ ತಳ್ಳಿದರೆ ಐದೇ ತಿಂಗಳಲ್ಲಿ ಮುಗಿಸಬಹುದಲ್ಲ? ಇದು ಶೈಲಜಾಳ ಯೋಚನೆ. ಮಗು ಅಗಿಯುವ ಬಲದಿಂದಲೇ ಮೋಟಾರಿಗೆ ವಿದ್ಯುತ್ತು ಸಿಗುತ್ತಿತ್ತು. ಮೂರು ಹೊತ್ತೂ ಮಂಡಕ್ಕಿ ತಿನ್ನುವ ಊರಿನಲ್ಲಿ ಅದಕ್ಕೇನು ಕೊರತೆ. ಪಂಪು ಬಿಚ್ಚಿದ ಮೇಲೂ ಸಾಸಿವೆಯಷ್ಟು ಮಣಿಯೊಂದು ಹಿಂದಿನ ಹಲ್ಲಿಗೆ ಅಂಟಿಕೊಂಡಿದ್ದು, ಗದ್ದ ಎಲ್ಲಿದೆ ಎಂದು ಮುಂದೆಯೂ ಗೋಡೆಗೆ ವರದಿ ಒಪ್ಪಿಸುತ್ತಿತ್ತು.

ಆ ಶನಿವಾರ ಮಧ್ಯಾಹ್ನ ಅವಳು ಊಟದ ಡಬ್ಬಿ ತೆರೆಯುವ ಹೊತ್ತಿಗೆ ಬಸಂತಪ್ಪ ಒಂದು ಕಟ್ಟು ಕಾಗದ ಹಿಡಿದು ಬಂದರು. ಅವರು ಕೇಂದ್ರದ ಹಿರಿಯ ಟೆಕ್ನಿಷಿಯನ್. ಗೋಡೆ ಬರುವುದಕ್ಕೆ ಮೊದಲು ಮಕ್ಕಳ ಹಲ್ಲಿನ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ಯುತ್ತಿದ್ದವರು. ಆ ಪ್ಲಾಸ್ಟರ್ ದವಡೆಗಳೆಲ್ಲ ಈಗಲೂ ಹಿಂದಿನ ಕೋಣೆಯ ಅಟ್ಟದ ಮೇಲೆ ಹಲ್ಲು ಕಿಸಿದುಕೊಂಡು ಕೂತಿದ್ದವು. ಏನನ್ನೂ ಎಸೆಯುವ ಜಾಯಮಾನ ಅವರದ್ದಲ್ಲ.

"ಮೇಡಂ, ಸಂಜೆ ಹೊತ್ತು ಕಣತಲೆ ನೋವು ಅಂತ ಈ ತಿಂಗಳು ಮುನ್ನೂರ ನಲವತ್ತು ದೂರು ಬಂದವೆ."

"ಮಾಮೂಲಿ ಉತ್ತರ ಕಳಿಸ್ರಿ. ಮೊಬೈಲು ಕಡಿಮೆ ನೋಡ್ಲಿ, ನೀರು ಜಾಸ್ತಿ ಕುಡೀಲಿ."

"ಅದನ್ನೇ ಕಳಿಸಿದ್ದೆ. ಆಜಾದ್ ನಗರದ ಒಬ್ಬಾಕಿ ತಿರುಗಿ ಕಾಗದ ಬರೆದಾಳೆ. ನಮ್ಮನೇಲಿ ಹುಡುಗಿ ಕೈಗೆ ಮೊಬೈಲೇ ಕೊಡಲ್ಲ, ಇನ್ನೇನು ಕಡಿಮೆ ಮಾಡ್ಲಿ ಅಂತ."

ಶೈಲಜಾ ನಕ್ಕಳು. ನಗು ಅರ್ಧಕ್ಕೇ ಸುಸ್ತಾಗಿ ನಿಂತಿತು. "ನೀರು ಅಂತೂ ಕುಡಿಬಹುದಲ್ರಿ," ಎಂದು ಡಬ್ಬಿಗೆ ಕೈ ಹಾಕಿದಳು.

ಅಷ್ಟರಲ್ಲಿ ಬೆಂಗಳೂರಿನಿಂದ ಇಲಾಖೆಯ ಕಾರ್ಯದರ್ಶಿಯ ಫೋನು. ಆ ಮನುಷ್ಯ ಎಂದೂ ದಣಿಯುತ್ತಿರಲಿಲ್ಲ, ಅದೇ ಅವನ ದೊಡ್ಡ ದೋಷ. "ತೊಂಬತ್ತಾರು ಪರ್ಸೆಂಟು ಯಶಸ್ಸು ಮೇಡಂ! ಸೋಮವಾರ ಹನ್ನೊಂದು ಗಂಟೆಗೆ ನಿಮ್ಮ ಸಹಿ ಬಿದ್ರೆ ಎಲ್ಲಾ ಜಿಲ್ಲೆಗೂ ಯೋಜನೆ. ಹಾಗೇ ಆ ಐದು ತಿಂಗಳನ್ನ ಮೂರಕ್ಕೆ ಇಳಿಸೋಕಾಗುತ್ತಾ ನೋಡಿ."

"ನೋಡ್ತೀನಿ ಸರ್," ಎಂದಳು. ಈಚೆಗೆ ಎಲ್ಲದಕ್ಕೂ ಅವಳು ಕೊಡುತ್ತಿದ್ದ ಉತ್ತರ ಅದು.

ಮನೆಯಲ್ಲಿ ಗಂಡ ಶಂಭು ಆಗಲೇ ಅಡಿಗೆ ಮುಗಿಸಿದ್ದ. ಅವನದು ಮಂಡಕ್ಕಿ ಭಟ್ಟಿ. ಎಷ್ಟು ಮೈ ತೊಳೆದರೂ ಹುರಿದ ಮರಳಿನ ವಾಸನೆ ಅವನನ್ನು ಬಿಡುತ್ತಿರಲಿಲ್ಲ. ಮಗಳು ನೇಸರ ಮೇಜಿನ ಮುಂದೆ ಗದ್ದಕ್ಕೆ ಅಂಗೈ ಕೊಟ್ಟು ಕೂತಿದ್ದಳು. ಹದಿನಾಲ್ಕೂವರೆ ತುಂಬಿತ್ತು. ಹನ್ನೆರಡೂವರೆಗೆ ಪಂಪು ಹಾಕಿಸಿಕೊಂಡು ಐದು ತಿಂಗಳಿಗೆ ಬಿಚ್ಚಿಸಿಕೊಂಡವಳು. ಅವಳ ಮೊದಲಿನ ಮುಖ, ಆಮೇಲಿನ ಮುಖ ಎರಡೂ ಜಿಲ್ಲೆಯ ಪ್ರತಿ ಶಾಲೆಯ ಗೋಡೆಯ ಮೇಲಿದ್ದವು. ಹೆಸರು ಹಾಕಿರಲಿಲ್ಲ, ಆದರೆ ಊರಿಗೆಲ್ಲ ಗೊತ್ತಿತ್ತು.

"ಗದ್ದ," ಎಂದಳು ಶೈಲಜಾ ಚಪ್ಪಲಿ ಬಿಡುತ್ತಲೇ.

ನೇಸರ ಅಂಗೈ ತೆಗೆದಳು. ಬೇರೆ ತಾಯಂದಿರು ಬೆನ್ನು ನೆಟ್ಟಗಿಡು ಎನ್ನುವ ಹಾಗೆ ಈ ಮನೆಯಲ್ಲಿ ಆ ಒಂದು ಮಾತು. ಕೇಂದ್ರದಲ್ಲೂ ಅಷ್ಟೇ. ತಪಾಸಣೆಗೆ ಕೂತ ಮಗುವಿಗೆ, "ಮುಂದೆ ತಾ, ಕಚ್ಚು, ಹ್ಞಾ, ಭೇಷ್!" ಎಂದು ಬೆನ್ನು ತಟ್ಟುವುದು ಶೈಲಜಾಳ ಪದ್ಧತಿ. ಅವಳ ಕೈಕೆಳಗಿನವರೆಲ್ಲ ಅದನ್ನೇ ಕಲಿತಿದ್ದರು. ಮಕ್ಕಳಿಗೆ ಆ ಭೇಷ್ ಎಂದರೆ ಬಲು ಇಷ್ಟ.

"ತಲೆ ನೋಯ್ತಿದೆ ಅಂತಿದ್ಲು," ಎಂದ ಶಂಭು.

"ಮೊಬೈಲ್ ನೋಡೋದು ಕಡಿಮೆ ಮಾಡು," ಎಂದಳು ಶೈಲಜಾ. ಹೇಳಿದ ಮೇಲೆ, ಇದನ್ನು ಈ ದಿನ ಎಷ್ಟನೆಯ ಸಲ ಹೇಳುತ್ತಿದ್ದೇನೆ ಎನ್ನಿಸಿತು. ನೇಸರ ಸಾರು ಕಲೆಸಿಕೊಂಡಳು.

ಭಾನುವಾರ ಮಧ್ಯಾಹ್ನ ಬಿಸಿಲು ಅಂಗಳದಲ್ಲಿ ಬಿದ್ದುಕೊಂಡಿತ್ತು. ಶಂಭು ತಂದ ಮಿರ್ಚಿ ಮಂಡಕ್ಕಿ ತಿಂದು ಮೂವರೂ ಅಲ್ಲಲ್ಲೇ ಉರುಳಿದರು. ನೇಸರ ಯಾವಾಗಿನಂತೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಶೈಲಜಾ ಮರುದಿನದ ವರದಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಪುಟ ಓದಿದಳು. ಮೂರನೆಯದರಲ್ಲಿ ಕಣ್ಣು ಎಳೆಯಿತು. ಆಗಲೇ ಕರೆಂಟು ಹೋಗಿ ಫ್ಯಾನು ನಿಂತಿತು. ಸೆಖೆಗೆ ನೇಸರ ನಿದ್ದೆಯಲ್ಲೇ ಮಗ್ಗುಲು ಬದಲಿಸಿ ಈ ಕಡೆ ತಿರುಗಿದಳು.

ಶೈಲಜಾ ನೋಡಿದಳು. ಮೊದಲು ತಾಯಿಯಾಗಿ ನೋಡಿದಳು, ಹೊದಿಕೆ ಸರಿಸಬೇಕು ಎಂದುಕೊಂಡಳು. ಆಮೇಲೆ ಡಾಕ್ಟರಾಗಿ ನೋಡಿದಳು, ಕೈಯಲ್ಲಿದ್ದ ಕಾಗದ ಕೆಳಗೆ ಬಿತ್ತು. ಮಗಳ ಬಾಯಿ ತೆರೆದಿರಲಿಲ್ಲ. ಹಲ್ಲು ಕೂಡಿಯೇ ಇದ್ದವು. ಆದರೆ ಗದ್ದ ಒಳಗೆ ಹೋಗಿತ್ತು. ಮೇಲಿನ ಹಲ್ಲು ಕೆಳತುಟಿಯ ಮೇಲೆ ಕೂತಿತ್ತು. ಶಾಲೆಯ ಗೋಡೆಗಳ ಮೇಲೆ ಎಡಗಡೆಗಿದ್ದ ಮೊದಲಿನ ಚಿತ್ರ, ಎರಡು ವರ್ಷ ದೊಡ್ಡದಾಗಿ, ಚಾಪೆಯ ಮೇಲೆ ಮಲಗಿತ್ತು.

ಎಬ್ಬಿಸಬಾರದಿತ್ತು. ಎಬ್ಬಿಸಿದಳು. ಕಣ್ಣು ಬಿಡುವುದಕ್ಕೆ ಮೊದಲೇ ನೇಸರಳ ಗದ್ದ ಮುಂದೆ ಬಂದು ನಿಂತಿತು. ಯಾರೋ ಬಾಗಿಲು ತಟ್ಟಿದ ಕೂಡಲೇ ಸೆರಗು ಸರಿಮಾಡಿಕೊಳ್ಳುವ ಹಾಗೆ, ಅಷ್ಟು ಸಲೀಸಾಗಿ.

"ನಾಲಿಗೆ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ಮುಟ್ಟಿಸು," ಎಂದಳು ಶೈಲಜಾ. "ಹಾಗೇ ನಿಧಾನಕ್ಕೆ ಕಚ್ಚು."

ಇದು ಹಳೆಯ ಕಾಲದ ಪರೀಕ್ಷೆ. ನಾಲಿಗೆ ಹಿಂದೆ ಹೋದಾಗ ದವಡೆ ಸುಳ್ಳು ಹೇಳಲಾರದು, ತನ್ನ ನಿಜವಾದ ಜಾಗಕ್ಕೆ ಹೋಗಿ ಕೂರುತ್ತದೆ. ಗೋಡೆ ಬರುವ ಮೊದಲು ಶೈಲಜಾ ಪ್ರತಿ ಮಗುವಿಗೂ ಇದನ್ನು ಮಾಡಿಸುತ್ತಿದ್ದಳು. ಅರ್ಧ ನಿಮಿಷದ ಕೆಲಸ. ಗೋಡೆ ಬಂದ ಮೇಲೆ ಆ ಅರ್ಧ ನಿಮಿಷ ಉಳಿಯಿತು ಎಂದು ಎಲ್ಲರೂ ಸಂತೋಷಪಟ್ಟಿದ್ದರು.

ನೇಸರ ಕಚ್ಚಿದಳು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಶೈಲಜಾಳ ಕಿರುಬೆರಳು ಆರಾಮಾಗಿ ಹಿಡಿಯಿತು.

"ಎಷ್ಟು ದಿನದಿಂದ?"

"ಪಂಪು ಬಿಚ್ಚಿದಾಗಿಂದ." ನೇಸರ ಮಂಡಿ ಮಡಚಿ ಕೂತಳು. "ಹಗಲೆಲ್ಲಾ ಹಿಡ್ಕಂಡಿರ್ತೀನಿ ಅಮ್ಮ. ಮೊದ್‌ಮೊದ್ಲು ನೆನಪಿಟ್ಕಂಡು ಹಿಡೀಬೇಕಿತ್ತು. ಈಗ ಅದೇ ಹಿಡ್ಕಂತದೆ. ಸಂಜೆ ಆಗೋ ಹೊತ್ತಿಗೆ ಇಲ್ಲಿ ಸೆಳೀತದೆ," ಎಂದು ಕಣತಲೆ ಮುಟ್ಟಿ ತೋರಿಸಿದಳು.

"ಹೇಳೋಕೇನಾಗಿತ್ತು ನಿಂಗೆ?"

"ಗದ್ದ ಗದ್ದ ಅಂತಿದ್ಯಲ್ಲ. ಮುಂದೆ ತಂದ್ರೆ ನೀನು ಸುಮ್ನಾಗ್ತಿದ್ದೆ. ಇರೋದೇ ಹಿಂಗೆ, ಎಲ್ರೂ ಹಿಡ್ಕಂಡೇ ಇರ್ತಾರೆ ಅಂದ್ಕಂಡೆ." ಆಮೇಲೆ ಸೇರಿಸಿದಳು, "ನಮ್ಮ ಕ್ಲಾಸಲ್ಲಿ ಪಂಪು ಹಾಕಿಸ್ಕಂಡೋರೆಲ್ಲ ಹಿಡ್ಕಂಡೇ ಇರೋದು. ನೀವು ಚೆಕಪ್ಪಿಗೆ ಬರೋ ದಿನ ಒಬ್ರಿಗೊಬ್ರು ನೆನಪು ಮಾಡ್ತೀವಿ."

ಶೈಲಜಾ ಗೋಡೆಗೊರಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಶಂಭುವಿನ ಮೇಲೆ ಹರಿಹಾಯ್ದಳು. "ದಿನಾ ಬೆಳಿಗ್ಗೆ ನೀವೇ ಎಬ್ಬಿಸ್ತೀರಲ್ಲ, ಇವಳ ಮುಖ ಹಿಂಗಿರೋದು ಕಾಣ್ಲಿಲ್ವಾ?"

"ಕಂಡಿತ್ತು. ಹೋದ ವರ್ಷ ನಿನ್ನ ಕೇಳಿದ್ದೆ," ಎಂದ ಶಂಭು, ದನಿ ಏರಿಸದೆ. "ನಿದ್ದೆಯಲ್ಲಿ ಎಲ್ಲರ ಬಾಯಿ ಹಂಗೇ, ಅದನ್ನ ಲೆಕ್ಕಕ್ಕೆ ತಗೋಬಾರದು ಅಂದೆ ನೀನು."

ಹೌದು, ಹಾಗೇ ಅಂದಿದ್ದಳು. ಬರೀ ಅಂದಿರಲಿಲ್ಲ, ಬರೆದಿದ್ದಳು. ಕೇಂದ್ರ ಶುರುವಾದ ಮೊದಲ ವರ್ಷ ಮಕ್ಕಳು ನಿದ್ದೆಯಲ್ಲಿ ಬಾಯಿ ತೆರೆದಾಗೆಲ್ಲ ಗೋಡೆ ಕೆಂಪಾಗಿ ಗಂಟೆ ಬಾರಿಸುತ್ತಿತ್ತು. ದಿನಕ್ಕೆ ಮುನ್ನೂರು ಗಂಟೆ, ಮುನ್ನೂರೂ ಸುಳ್ಳು. ಪಾಳಿಯವರು ಒಬ್ಬೊಬ್ಬರೇ ಕೆಲಸ ಬಿಡತೊಡಗಿದ್ದರು. ಶೈಲಜಾ ಒಂದು ಸಾಲಿನ ನಿಯಮ ಬರೆದಳು: ಮಗು ನಿದ್ರಿಸುವ ಅವಧಿಯ ಮಾಹಿತಿಯನ್ನು ಎಣಿಸತಕ್ಕದ್ದಲ್ಲ. ಅಂದಿನಿಂದ ಗೋಡೆ ಸುಮ್ಮನಾಯಿತು, ಎಲ್ಲರಿಗೂ ನಿದ್ದೆ ಬಂತು. ಆ ಸಾಲಿಗೆ ವೈದ್ಯಶಾಸ್ತ್ರಕ್ಕಿಂತ ದಣಿವೇ ಹೆಚ್ಚು ಕಾರಣವಾಗಿತ್ತು ಎಂದು ಒಪ್ಪಿಕೊಳ್ಳಲು ಎಂಟು ವರ್ಷ ಹಿಡಿಯಿತು.

ಬಿಸಿಲು ಇಳಿಯುವ ಮೊದಲೇ ಅವಳು ಕೇಂದ್ರದಲ್ಲಿದ್ದಳು. ಭಾನುವಾರದ ಪಾಳಿಯಲ್ಲಿ ಬಸಂತಪ್ಪ ಒಬ್ಬರೇ ಕೂತು ಚಹಾ ಕುಡಿಯುತ್ತಿದ್ದರು.

"ಬಸಂತಪ್ಪ, ಆ ನಿದ್ದೆ ನಿಯಮ ತೆಗೆದುಹಾಕ್ಬೇಕು. ಇವತ್ತಿಂದ ಮಾಹಿತಿ ಕೂಡಿಸಿದ್ರೆ ಎಷ್ಟು ದಿನಕ್ಕೆ ಲೆಕ್ಕ ಸಿಗ್ತದೆ? ಹಳೇದಂತೂ ಎಲ್ಲಾ ಹೋಗಿರ್ತದೆ."

"ಯಾಕ್ ಹೋಗ್ತದ್ರಿ?" ಬಸಂತಪ್ಪ ಲೋಟ ಕೆಳಗಿಟ್ಟರು. "ಎಣಿಸಬ್ಯಾಡ ಅಂದ್ರಿ, ಎಣಿಸಲಿಲ್ಲ. ಬಿಸಾಕು ಅನ್ಲಿಲ್ಲವಲ್ಲ. ಎಂಟು ವರ್ಷದ ನಿದ್ದೆ ಎಲ್ಲಾ ಐತೆ."

ಅವಳಿಗೆ ಆ ಮುದುಕನ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಅದೇ ಗಳಿಗೆಯಲ್ಲಿ, ಇಲ್ಲ ಎಂದಿದ್ದರೆ ಮನೆಗೆ ಹೋಗಿ ಮಲಗಬಹುದಿತ್ತು ಎಂದೂ ಅನ್ನಿಸಿತು. ಎರಡೂ ನಿಜ.

ಬಾಯಿ ತೆರೆದಿದ್ದ ಹೊತ್ತನ್ನು ಬಿಟ್ಟು, ಹಲ್ಲು ಕೂಡಿದ್ದ ಹೊತ್ತಿನ ಮಾಹಿತಿಯನ್ನಷ್ಟೇ ಅವರು ಸೋಸಿದರು. ಇಷ್ಟು ಸಣ್ಣ ಸೋಸುವಿಕೆ ಎಂಟು ವರ್ಷದ ಹಿಂದೆಯೂ ಸಾಧ್ಯವಿತ್ತು. ಬಸಂತಪ್ಪ ಗುಂಡಿ ಒತ್ತಿದರು. ಪಂಪು ಮುಗಿಸಿದ ಏಳು ಸಾವಿರದ ನಾನೂರು ಮಕ್ಕಳ ಸಾಲು ಎಡಗಡೆಯಿಂದ ಕೆಂಪಾಗುತ್ತಾ ಬಂತು. ನಡುನಡುವೆ ಹಸಿರು ಉಳಿಯಿತು, ಮೂರರಲ್ಲೊಂದು ಪಾಲು. ಕೆಂಪಾದದ್ದು ನಾಲ್ಕು ಸಾವಿರದ ಒಂಬೈನೂರು.

ಆಗಿದ್ದು ಶೈಲಜಾಳಿಗೆ ಈಗ ನಿಚ್ಚಳವಾಗಿ ತಿಳಿಯಿತು. ಎಲುಬು ನಿಧಾನಕ್ಕೆ ಕಲಿಯುವ ವಿದ್ಯಾರ್ಥಿ. ಮಾಂಸಖಂಡ ಚುರುಕು. ಐದು ತಿಂಗಳಲ್ಲಿ ಗದ್ದ ಮುಂದೆ ಹಿಡಿಯುವುದನ್ನು ಮಾಂಸಖಂಡ ಕಂಠಪಾಠ ಮಾಡಿತ್ತು. ಕೀಲಿನ ಎಲುಬು ಆಗಷ್ಟೇ ಅಕ್ಷರ ಕೂಡಿಸುತ್ತಿತ್ತು. ಅಷ್ಟರಲ್ಲಿ ಪಂಪು ಬಿಚ್ಚಿ ಭೇಷ್ ಎಂದು ಕಳಿಸಿದ್ದರು. ಮಕ್ಕಳು ಆ ಭೇಷ್ ಅನ್ನು ಉಳಿಸಿಕೊಳ್ಳಲು ಇಡೀ ದಿನ ಮುಖ ಹಿಡಿದುಕೊಂಡು ತಿರುಗುತ್ತಿದ್ದವು.

"ಆ ಹಸಿರು ಉಳಿದಿದ್ದು ಯಾರ್ದು ನೋಡ್ರಿ," ಎಂದಳು.

ಬಸಂತಪ್ಪ ಕನ್ನಡಕ ಮೇಲೇರಿಸಿ ಹೆಸರುಗಳನ್ನು ಓದಿದರು. ಹೆಚ್ಚಿನವರು ಮೊದಲ ವರ್ಷದವರು. ಆಗಿನ್ನೂ ಎಂಟು ಒಂಬತ್ತು ತಿಂಗಳು ಹಿಡಿಯುತ್ತಿತ್ತು. ಮಿಕ್ಕವರಲ್ಲಿ ಇನ್ನೂರ ಹನ್ನೆರಡು ಮಕ್ಕಳ ಗುಂಪೊಂದು ಒಂದೂ ಬಿಡದೆ ಹಸಿರಾಗಿತ್ತು. ಬಸಂತಪ್ಪ ತಮ್ಮಷ್ಟಕ್ಕೇ ನಕ್ಕರು. "ಇವು ಮೋಟಾರು ಕೆಟ್ಟ ಕೇಸುಗಳು ಮೇಡಂ. ವರದಿಯಲ್ಲಿ ವೈಫಲ್ಯ ಅಂತ ಬರೆದಿದೀವಲ್ಲ, ಅವು. ಹೊಸ ಮೋಟಾರು ಬರ್ಲಿಲ್ಲ ಅಂತ ನಾನೇ ಹಳೇ ಥರ ಕೊಳವೆ ಸರಳು ಹಾಕಿ ಒಂದು ವರ್ಷ ಬಿಟ್ಟಿದ್ದೆ. ನಿಮಗೆ ಹೇಳಿದ್ದೆ. ನೋಡ್ತೀನಿ ಅಂದಿದ್ರಿ."

ಶೈಲಜಾ ಮೇಜಿಗೆ ಹಣೆ ಕೊಟ್ಟು ಕೂತಳು. ಅಳು ಬಂತು, ಅತ್ತಳು. ಬಸಂತಪ್ಪ ಇನ್ನೊಂದು ಲೋಟ ಚಹಾ ಬಗ್ಗಿಸಿ ಅವಳ ಮುಂದಿಟ್ಟು, ಕಿಟಕಿಯ ಆಚೆ ನೋಡುತ್ತಾ ನಿಂತರು.

ಸೋಮವಾರ ಹನ್ನೊಂದು ಗಂಟೆಗೆ ಸಹಿಯ ಬದಲು ಅವಳು ಕೆಂಪು ಗೋಡೆಯ ಚಿತ್ರ ಕಳಿಸಿದಳು. ಜೊತೆಗೆ ಎರಡು ಸಾಲು: ಮೋಟಾರು ಇಂದಿನಿಂದ ನಿಲ್ಲಿಸಿದ್ದೇನೆ. ನಿದ್ರೆಯ ನಿಯಮ ನನ್ನದು, ತಪ್ಪೂ ನನ್ನದು.

ಐದು ನಿಮಿಷಕ್ಕೆ ಕಾರ್ಯದರ್ಶಿಯ ಫೋನು ಬಂತು. ಮೊದಲ ಸಲ ಅವನ ದನಿಯಲ್ಲಿ ದಣಿವು ಕೇಳಿಸಿತು. "ಮೇಡಂ, ಇದನ್ನ ಮಂಜೂರಾತಿ ಆದ್ಮೇಲೆ ಹೇಳಬಹುದಿತ್ತಲ್ಲ? ಒಂದು ಎರಡು ತಿಂಗಳಲ್ಲಿ ಏನು ಮುಳುಗಿಹೋಗ್ತಿತ್ತು?"

"ಇದರಲ್ಲಿ ಎರಡು ಸಾವಿರ ಮಕ್ಕಳಿಗೆ ಇನ್ನೂ ಬೆಳೆಯೋ ವಯಸ್ಸಿದೆ ಸರ್. ಅದು ದಿನಾ ಕಡಿಮೆ ಆಗ್ತಿದೆ."

"ಯೋಜನೆಯನ್ನೇ ಮುಚ್ಚಿಬಿಡ್ತಾರೆ."

"ಮುಚ್ಚಲಿ ಸರ್. ಕೊಳವೆ, ಸರಳು ಮಾಡೋಕೆ ನಮ್ಮ ಬಸಂತಪ್ಪನವರಿಗೆ ಗೊತ್ತಿದೆ. ಗೋಡೆ ಬೇಕಾಗಿಲ್ಲ."

ಅವನು ಫೋನು ಇಟ್ಟ. ಶೈಲಜಾ ದೂರಿನ ಕಟ್ಟು ತೆಗೆದು, ಮೇಲಿನ ಕಾಗದಕ್ಕೆ ತಾನೇ ಕೈಯಾರೆ ಉತ್ತರ ಬರೆಯತೊಡಗಿದಳು. ಆಜಾದ್ ನಗರದ ಆ ತಾಯಿಗೆ: ನಿಮ್ಮ ಮಗಳ ತಲೆನೋವಿಗೆ ಮೊಬೈಲು ಕಾರಣವಲ್ಲ. ನಾವು ಕಾರಣ. ಅವಳನ್ನು ಕರೆದುಕೊಂಡು ಬನ್ನಿ. ಬರುವಾಗ ಗದ್ದ ಹಿಡಿದುಕೊಳ್ಳಬೇಡ ಎಂದು ಹೇಳಿ. ಹೀಗೆ ಮುನ್ನೂರ ನಲವತ್ತು ಬರೆಯಬೇಕಿತ್ತು. ಹದಿನಾರಕ್ಕೆ ಕೈ ಸೋತಿತು. ಬಿಟ್ಟು ಸ್ವಲ್ಪ ಹೊತ್ತು ಕೂತು, ಹದಿನೇಳನೆಯದು ಶುರುಮಾಡಿದಳು.

ಆ ವಾರದಲ್ಲೇ ನೇಸರಳ ಅಂಗೈ ಎಕ್ಸ್‌ರೇ ತೆಗೆಸಿದಳು. ಮೈಯಲ್ಲಿ ಬೆಳವಣಿಗೆ ಎಷ್ಟು ಉಳಿದಿದೆ ಎಂದು ಕೈಬೆರಳಿನ ಎಲುಬು ಹೇಳುತ್ತದೆ. ಎಲುಬಿನ ತುದಿಯಲ್ಲಿ ಒಂದು ಕಪ್ಪು ಗೆರೆ ಇರುತ್ತದೆ, ಅದು ಮುಚ್ಚಿಹೋದರೆ ಮುಗಿಯಿತು. ನೇಸರಳ ಗೆರೆಗಳು ದಾರದೆಳೆಯಷ್ಟು ಸಣ್ಣಗಾಗಿದ್ದವು. ಪೂರ್ತಿ ಮುಚ್ಚಿರಲಿಲ್ಲ.

ಮುಂದಿನ ಭಾನುವಾರ ಊಟವಾದ ಮೇಲೆ ಶೈಲಜಾ ಆ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮಗಳಿಗೆ ತೋರಿಸಿದಳು. ಒಂದನ್ನೂ ಮುಚ್ಚಿಡಲಿಲ್ಲ. "ಒಂದು ವರ್ಷ ಇರಬಹುದು, ಇಲ್ಲದೇನೂ ಇರಬಹುದು. ಹಳೇ ಪಂಪು ಹಾಕಿದ್ರೆ ಸ್ವಲ್ಪ ಬರಬಹುದು, ಪೂರ್ತಿ ಬರಲಿಕ್ಕಿಲ್ಲ. ಬೇಡ ಅಂದ್ರೆ ಬೇಡ. ನಾನು ಒಂದು ಮಾತೂ ಅನ್ನಲ್ಲ."

ನೇಸರ ತನ್ನದೇ ಎಲುಬನ್ನು ಬಹಳ ಹೊತ್ತು ನೋಡಿದಳು. "ಬಸಂತಪ್ಪ ತಾತನೇ ಮಾಡ್ತಾರಾ?"

"ಅವರೇ."

"ಮಣಿ ಬೇಡ. ಗೋಡೆ ಮೇಲೆ ನನ್ನ ಚುಕ್ಕೆ ಇರಬಾರದು. ಆ ಫೋಟೋನೂ ಎಲ್ಲಾ ಸ್ಕೂಲಿಂದ ತೆಗೆಸು."

"ತೆಗೆಸ್ತೀನಿ."

"ಹಂಗಾದ್ರೆ ಆತು."

ಅವಳು ಚಾಪೆ ಹಾಸಿದಳು. ಮಾತಾಡುತ್ತಾ ಆಡುತ್ತಾ ಗದ್ದ ಒಳಗೆ ಜಾರಿತ್ತು. ಅದು ಅವಳಿಗೇ ಗೊತ್ತಾಗಿ, ಅಭ್ಯಾಸಬಲದಿಂದ ಮುಂದೆ ತಂದು, ಗಾಬರಿಯಿಂದ ತಾಯಿಯ ಮುಖ ನೋಡಿದಳು.

ಭೇಷ್ ಎಂಬ ಎಂಟು ವರ್ಷದ ಮಾತು ಶೈಲಜಾಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಬಿಡವ್ವ," ಎಂದಳು. "ಸಾಕು, ಎಷ್ಟು ಅಂತ ಹಿಡ್ಕಂತಿ."

ನೇಸರ ಬಿಟ್ಟಳು. ಮುಖ ಸಡಿಲವಾಯಿತು, ಭುಜ ಇಳಿಯಿತು, ಒಂದೂವರೆ ವರ್ಷದಿಂದ ಒಳಗೇ ಇಟ್ಟುಕೊಂಡಿದ್ದಂಥ ಉಸಿರೊಂದು ಹೊರಗೆ ಬಂತು. ದಿಂಬು ಎಳೆದುಕೊಂಡು, ತಾಯಿಯ ಕಡೆ ಮುಖ ಮಾಡಿ ಮಲಗಿದಳು.